ಬಳೆ ಬಿಗಿಯಾಯ್ತೇನವ್ವ?

ಬಸುರಿಯನ್ನು “ಹೇಗಿದ್ದೀಯವ್ವ?” ಎಂದು ಕೇಳಿ ಪ್ರಯೋಜನವಿಲ್ಲ. ಹಾಸನದಿಂದ ಅರಸೀಕೆರೆಗೆ ಹೋಗುವ ರಸ್ತೆಯಲ್ಲಿ ಸಿಗುವ ದುದ್ದ, ಅದರ ಸುತ್ತಿನ ಹಳ್ಳಿಗಳಲ್ಲಿ ಮೂವತ್ತು ವರ್ಷಕ್ಕೆ ಹತ್ತಿರ ಕೆಲಸ ಮಾಡಿದೆ. ಈ ಪ್ರಶ್ನೆಗೆ ಅಷ್ಟೂ ವರ್ಷ ಸಿಕ್ಕಿದ ಉತ್ತರ ಒಂದೇ: “ಚೆನ್ನಾಗಿವ್ನಿ ಕಣಕ್ಕ.” ಮೈಯಲ್ಲಿ ಆರು ಗ್ರಾಂ ರಕ್ತವಿರುವವಳೂ ಹಾಗೇ ಹೇಳುತ್ತಾಳೆ. ಮೂರು ದಿನದಿಂದ ತಲೆ ಸಿಡಿಯುತ್ತಿರುವವಳೂ ಹಾಗೇ ಹೇಳುತ್ತಾಳೆ. ಬೆಳಗಿನಿಂದ ಹೊಟ್ಟೆಯೊಳಗಿನ ಮಗು ಮಿಸುಕದಿದ್ದವಳೂ ಹಾಗೇ ಹೇಳುತ್ತಾಳೆ.

ಅವರು ಸುಳ್ಳು ಹೇಳುತ್ತಿರಲಿಲ್ಲ. ಬಾಗಿಲ ಹಿಂದೆ ಅತ್ತೆ ನಿಂತಿರುತ್ತಾರೆ. ಜಗಲಿಯ ಮೇಲೆ ಮಾವ ಬೀಡಿ ಸೇದುತ್ತಿರುತ್ತಾರೆ. ರಾಗಿ ಕಳೆ ಕೀಳುವ ಕಾಲದಲ್ಲಿ ಸೊಂಟ ನೋವಿಲ್ಲದ ಹೆಂಗಸು ಯಾರಿದ್ದಾಳೆ? ಎಲ್ಲರಿಗೂ ನೋಯುವಾಗ ತನ್ನ ನೋವನ್ನು ಎತ್ತಿ ಹೇಳುವುದಕ್ಕೆ ಅವಳಿಗೆ ನಾಚಿಕೆ. ಹಾಗಾಗಿ ಹೆರಿಗೆಯ ಕೆಲಸ ಮಾಡುವವಳಿಗೆ ಮೊದಲು ಬೇಕಾದದ್ದು ಬಿಪಿ ನೋಡುವ ಪಟ್ಟಿಯಲ್ಲ, ಪ್ರಶ್ನೆ ಕೇಳುವ ರೀತಿ ಎಂದು ನನಗೆ ಅನ್ನಿಸಿದ್ದು. ಪಟ್ಟಿ ಎರಡನೆಯದು. ಆದರೆ ಅದಿಲ್ಲದೆ ಮೊದಲನೆಯದಕ್ಕೂ ಬೆಲೆಯಿಲ್ಲ.

ಸರ್ಕಾರದ ಕಡತದಲ್ಲಿ ನನ್ನ ಹುದ್ದೆಯ ಹೆಸರು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ. ತರಬೇತಿಯ ಕಾಲದಲ್ಲಿ ಎ.ಎನ್.ಎಂ. ಊರಿನವರಿಗೆ ನರ್ಸಮ್ಮ. ಬಯಲು ನಾಡಿನಲ್ಲಿ 5,000 ಜನಕ್ಕೊಂದು ಉಪಕೇಂದ್ರ ಎಂಬುದು ಸರ್ಕಾರದ ಲೆಕ್ಕ. ಆ ಒಂದು ಕೋಣೆ, ಒಂದು ಮಂಚ, ಒಂದು ಬೀರು ನನ್ನ ಆಸ್ಪತ್ರೆ. ಮಿಕ್ಕದ್ದೆಲ್ಲ ಹೆಗಲ ಚೀಲದಲ್ಲಿ: ಬಿಪಿ ಪಟ್ಟಿ, ಮಗುವಿನ ಎದೆಬಡಿತ ಕೇಳುವ ಕೊಳವೆ, ಅಳತೆ ಟೇಪು, ಎರಡು ಗಾಜಿನ ನಳಿಕೆ, ಸ್ಪಿರಿಟ್ ದೀಪ, ಕಬ್ಬಿಣದ ಮಾತ್ರೆ. ಸಕಲೇಶಪುರದಷ್ಟು ಮಳೆಯೂ ಇಲ್ಲ, ಅರಸೀಕೆರೆಯಷ್ಟು ಬರವೂ ಇಲ್ಲ ಎನ್ನುವಂಥ ನೆಲ ಇದು. ಆಲೂಗೆಡ್ಡೆ, ರಾಗಿ, ಮುಸುಕಿನ ಜೋಳ, ತೆಂಗು. ಬಸುರಿಯರು ಮನೆಯಲ್ಲಿ ಸಿಗುವುದು ಕಡಿಮೆ. ಆಲೂಗೆಡ್ಡೆ ಅಗೆಯುವ ಹೊಲದಲ್ಲಿ ಸಿಗುತ್ತಾರೆ. ಬದುವಿನ ಮೇಲೆ ಕೂರಿಸಿ ತೋಳಿಗೆ ಪಟ್ಟಿ ಸುತ್ತಿದ್ದು ಎಷ್ಟು ಸಲವೋ.

ಈ ಕೆಲಸದಲ್ಲಿ ನಾನು ಹೆಚ್ಚು ಹೆದರಿದ ಪದ ‘ಸಹಜ’. ಬಸುರಿಗೆ ಕಾಲು ಊದುವುದು ಸಹಜ, ತಲೆ ಸುತ್ತುವುದು ಸಹಜ, ವಾಂತಿ ಸಹಜ, ಸುಸ್ತು ಸಹಜ, ಮಣ್ಣು ತಿನ್ನುವ ಬಯಕೆ ಸಹಜ. ಇದರಲ್ಲಿ ಯಾವುದೂ ಸುಳ್ಳಲ್ಲ. ಅದೇ ಕಷ್ಟ. ಸಂಜೆಯ ಹೊತ್ತಿಗೆ ಪಾದ ಊದಿ ಬೆಳಿಗ್ಗೆ ಇಳಿದರೆ ಬಹುಮಟ್ಟಿಗೆ ಸಹಜವೇ. ಬೆಳಿಗ್ಗೆ ಏಳುವಾಗಲೇ ಮುಖ ಊದಿದ್ದರೆ ಹಾಗೆನ್ನಲಾಗದು. ಮೂರನೇ ತಿಂಗಳಲ್ಲಿ ವಾಂತಿ ಸಹಜ. ಕುಡಿದ ನೀರೂ ನಿಲ್ಲದೆ, ದಿನಕ್ಕೆ ಒಂದು ಸಲವೂ ಮೂತ್ರಕ್ಕೆ ಹೋಗದಿದ್ದರೆ ಅವಳಿಗೆ ಡ್ರಿಪ್ ಬೇಕು. ಬಸುರಿನ ತೊಡಕುಗಳಲ್ಲಿ ಬಹುಪಾಲು ದಿನನಿತ್ಯದ ಸಹಜದ ಸೀರೆಯನ್ನೇ ಉಟ್ಟು ಬರುತ್ತವೆ. ಬಾಗಿಲಲ್ಲಿ ನಿಂತು ಹೆಸರು ಹೇಳಿಕೊಂಡು ಬರುವ ತೊಡಕು ನಾನು ಕಂಡದ್ದು ಕಡಿಮೆ.

ಮಣ್ಣಿನ ಮಾತನ್ನೇ ತೆಗೆದುಕೊಳ್ಳಿ. ಕೆಮ್ಮಣ್ಣು, ಬಳಪ, ಹಸಿ ಅಕ್ಕಿ, ಒಲೆಯ ಬೂದಿ ತಿನ್ನುವುದನ್ನು ನಮ್ಮಲ್ಲಿ ಬಯಕೆ ಎಂದು ನಕ್ಕು ಬಿಡುತ್ತಾರೆ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಗೆ ಬಾಯಲ್ಲಿ ನೀರೂರುತ್ತದೆ ಎಂದು ಹೇಳಿದವರಿದ್ದಾರೆ. ಹಾಗೆ ಹೇಳಿದವಳ ಕಣ್ಣಿನ ಕೆಳರೆಪ್ಪೆ ಇಳಿಸಿ ನೋಡಿದರೆ ಎಷ್ಟೋ ಸಲ ಅದು ಸುಣ್ಣದ ಗೋಡೆಯಂತೆ ಬಿಳಿಚಿಕೊಂಡಿರುತ್ತಿತ್ತು. ಬಸುರಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಇಳಿದರೆ ತೀವ್ರ. ತೀವ್ರವಾದವಳಿಗೆ ಮಾತ್ರೆ ಸಾಲದು, ಆಸ್ಪತ್ರೆಗೇ ಹೋಗಬೇಕು. “ಸುಸ್ತಾಗ್ತದಾ?” ಎಂದರೆ ಇಲ್ಲ ಎನ್ನುತ್ತಾರೆ. “ಬೋರ್‌ವೆಲ್‌ನಿಂದ ಕೊಡ ತರುವಾಗ ಎಲ್ಲೆಲ್ಲಿ ಇಳಿಸ್ತೀಯ?” ಎಂದು ಕೇಳಿದರೆ ಜಾಗ ಹೇಳುತ್ತಾರೆ. “ಮಾರಿಗುಡಿ ಕಟ್ಟೆ ಹತ್ರ ಒಂದ್ಸಲ, ಹುಣಸೇಮರದ ಹತ್ರ ಒಂದ್ಸಲ.” ಹೋದ ತಿಂಗಳು ಎಲ್ಲಿ ಇಳಿಸುತ್ತಿದ್ದೆ? “ಎಲ್ಲೂ ಇಲ್ಲ.” ನನಗೆ ಬೇಕಾದ ಉತ್ತರ ಅಲ್ಲಿರುತ್ತಿತ್ತು.

ಕಬ್ಬಿಣದ ಮಾತ್ರೆ ಕೊಡುವುದು ಸುಲಭ, ನುಂಗಿಸುವುದು ಕಷ್ಟ. ಈಗ ದಿನಕ್ಕೊಂದರಂತೆ ಬಸುರಿನಲ್ಲಿ 180 ದಿನ, ಹೆತ್ತ ಮೇಲೆ ಮತ್ತೆ 180 ದಿನ ಎಂಬ ನಿಯಮವಿದೆ. ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ. ಕಪ್ಪು ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ ಎಂದು ಮನೆಯ ಹಿರಿಯರು ಹೇಳಿದರೆ ಅಲ್ಲಿಗೆ ಮುಗಿಯಿತು, ಮಾತ್ರೆ ತಿಪ್ಪೆಗೆ. ನುಂಗುವವರೂ ಬೆಳಗಿನ ಕಾಫಿಯ ಜೊತೆ ನುಂಗುತ್ತಿದ್ದರು. ಕಾಫಿ, ಟೀ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಸುಣ್ಣದ ಮಾತ್ರೆಯ ಜೊತೆಗೂ ನುಂಗಬಾರದು. “ರಾತ್ರಿ ಮುದ್ದೆ ಉಂಡು ಒಂದೆರಡು ಗಂಟೆ ಬಿಟ್ಟು, ಮಲಗೋ ಮುಂಚೆ ನಿಂಬೆಹಣ್ಣಿನ ನೀರಲ್ಲಿ ನುಂಗು, ವಾಕರಿಕೆ ನಿದ್ದೇಲಿ ಹೋಗ್ತದೆ” ಎಂದು ಹೇಳಿದಾಗ ಮಾತ್ರೆ ಖಾಲಿಯಾಗತೊಡಗಿದ್ದವು. ಇದಕ್ಕೆ ದೊಡ್ಡ ವಿದ್ಯೆಯೇನೂ ಬೇಡ, ಆ ಮನೆಯ ಕಾಫಿಯ ಹೊತ್ತು ತಿಳಿದಿರಬೇಕು.

ನಾನು ಕೆಲಸಕ್ಕೆ ಸೇರಿದಾಗ ಊರುಗಳಲ್ಲಿ ಇನ್ನೂ ಸೂಲಗಿತ್ತಿಯರಿದ್ದರು. ಸರ್ಕಾರವೇ ಅವರನ್ನು ಕರೆದು ತರಬೇತಿ ಕೊಟ್ಟು ಬ್ಲೇಡು, ದಾರ, ಸೋಪಿನ ಕಿಟ್ ಕೊಟ್ಟ ಕಾಲವೊಂದಿತ್ತು. ಆಮೇಲೆ ಎಲ್ಲ ಹೆರಿಗೆಯೂ ಆಸ್ಪತ್ರೆಯಲ್ಲೇ ಎಂದಾಗ ಅವರನ್ನು ಮರೆತರು. ತುಮಕೂರು ಜಿಲ್ಲೆ ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾಡಿಗೆ ಮತ್ತೆ ಆ ಪದ ನೆನಪಾಯಿತು. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಹೆಸರಾದವರು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು.

ನಮ್ಮ ಕಡೆಯ ಒಬ್ಬ ಸೂಲಗಿತ್ತಿ ಅಜ್ಜಿಯಿಂದ ನಾನು ಕಲಿತದ್ದು ಬಹಳ. ಆಕೆ ಹೊಟ್ಟೆಯ ಮೇಲೆ ಕೈಯಿಟ್ಟು ಮಗು ಅಡ್ಡ ಮಲಗಿದೆಯೋ ತಲೆ ಕೆಳಗಿದೆಯೋ ಹೇಳುತ್ತಿದ್ದರು. ನಾನು ಪುಸ್ತಕದಲ್ಲಿ ಓದಿದ ನಾಲ್ಕು ಹಿಡಿತಗಳು ಆಕೆಯ ಅಂಗೈಯಲ್ಲಿ ಒಂದೇ ಸವರಿಕೆಯಾಗಿದ್ದವು. “ಹೆರೋಳು ಹೆರ್ತಾಳೆ ಕಣವ್ವ, ನಾನು ಕಾಯ್ತೀನಿ ಅಷ್ಟೇಯ. ಯಾವಾಗ ಕಾಯಬಾರ್ದು ಅನ್ನೋದು ಗೊತ್ತಿರ್ಬೇಕು” ಎನ್ನುತ್ತಿದ್ದರು. ಎರಡು ವಿಷಯದಲ್ಲಿ ಆಕೆ ಕಾಯುತ್ತಲೇ ಇರಲಿಲ್ಲ. ಹೊಟ್ಟೆ ಅಡ್ಡವಾದರೆ ಗಾಡಿ ಕಟ್ಟಿಸುತ್ತಿದ್ದರು. ತಿಂಗಳು ತುಂಬುವ ಮುಂಚೆ ನೋವಿಲ್ಲದೆ ರಕ್ತ ಕಂಡರೆ ಒಳಗೆ ಕೈ ಹಾಕಲು ಯಾರನ್ನೂ ಬಿಡುತ್ತಿರಲಿಲ್ಲ. ಮಾಸು ಗರ್ಭಕೋಶದ ಬಾಯಿಗೇ ಅಂಟಿಕೊಂಡಿದ್ದರೆ ಬೆರಳು ತಾಕಿದರೂ ರಕ್ತ ಕೋಡಿ ಹರಿಯುತ್ತದೆ ಎಂದು ನಮಗೆ ಕಲಿಸಿದ್ದರು. ಆಕೆಗೆ ಅದನ್ನು ಯಾರೂ ಕಲಿಸಿರಲಿಲ್ಲ.

ಆದರೆ ಆಕೆಯ ಕೈಗೂ ಸಿಗದ ಒಂದು ಶತ್ರುವಿತ್ತು. ಅದಕ್ಕೆ ನಮ್ಮ ಹಳ್ಳಿಯ ಮಾತಿನಲ್ಲಿ ಸರಿಯಾದ ಹೆಸರೇ ಇರಲಿಲ್ಲ. ತುಂಬಿದ ಬಸುರಿ ಇದ್ದಕ್ಕಿದ್ದಂತೆ ಕಣ್ಣು ಮೇಲೆ ಮಾಡಿ, ಹಲ್ಲು ಕಚ್ಚಿ, ಕೈಕಾಲು ಸೆಟೆದು ಬೀಳುತ್ತಾಳೆ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಓಡುತ್ತಾರೆ. ಅದು ಗಾಳಿಯಲ್ಲ, ರಕ್ತದೊತ್ತಡ. ಬಸುರಿನ 20 ವಾರದ ನಂತರ ಒತ್ತಡ 140/90 ದಾಟಿ, ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗಿದರೆ ಅದನ್ನು ಪ್ರಿಎಕ್ಲಾಂಪ್ಸಿಯಾ ಎನ್ನುತ್ತಾರೆ. ಬೇರು ಮಾಸಿನಲ್ಲಿದೆ. ಮಾಸು ಹೊರಬೀಳುವ ತನಕ, ಎಂದರೆ ಹೆರಿಗೆಯಾಗುವ ತನಕ, ಅದು ಪೂರಾ ಹೋಗುವುದಿಲ್ಲ. ನೋಡದೆ ಬಿಟ್ಟರೆ ಸೆಟೆತ, ಮಿದುಳಲ್ಲಿ ರಕ್ತಸ್ರಾವ, ಹೊಟ್ಟೆಯಲ್ಲೇ ಮಗುವಿನ ಸಾವು. ಒತ್ತಡ ಏರಿದ್ದು ಅಂಗೈಗೆ ತಿಳಿಯುವುದಿಲ್ಲ. ಪಟ್ಟಿ ಸುತ್ತಲೇಬೇಕು.

ಬಳೆಯ ವಿಷಯ ಬರುವುದು ಇಲ್ಲಿ. ಹಳ್ಳಿಯೊಂದರಲ್ಲಿ ಚೊಚ್ಚಲ ಬಸುರಿಗೆ ಬಳೆ ತೊಡಿಸುವ ಶಾಸ್ತ್ರ. ಎಂಟು ತುಂಬಿ ಒಂಬತ್ತಕ್ಕೆ ಬಿದ್ದಿತ್ತು. ನನ್ನನ್ನೂ ಕರೆದಿದ್ದರು. ಮಣೆಯ ಮೇಲೆ ಕೂರಿಸಿ ಹೂ ಮುಡಿಸಿದ್ದರು, ಹೆಂಗಸರು ಸೋಬಾನೆ ಹೇಳುತ್ತಿದ್ದರು. ಬಳೆಗಾರರು ಹಸಿರು ಗಾಜಿನ ಬಳೆಯ ಸರ ಬಿಚ್ಚಿ ಹುಡುಗಿಯ ಕೈ ಹಿಸುಕಿದರು. “ಹೋದ ಹಬ್ಬಕ್ಕೆ ಇದೇ ಕೈಗೆ ಎರಡು ನಾಲ್ಕು ಹಾಕಿದ್ದೆ. ಇವತ್ತು ಎರಡು ಎಂಟೂ ಏರ್ತಿಲ್ವಲ್ಲ ತಾಯಿ” ಅಂದರು. ಅತ್ತೆಯ ಮುಖ ಅರಳಿತು. “ನಮ್ಮನೇಗೆ ಬಂದ್ಮೇಲೆ ಕೈ ತುಂಬ್ಕೊಂಡವೆ” ಎಂದು ನಕ್ಕರು. ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು, ಆದರೆ ಕಣ್ಣು ಕಿರಿದು ಮಾಡಿಕೊಂಡು, ಬಿಸಿಲಿಗೆ ಮುಖವೊಡ್ಡಿದವರ ಹಾಗೆ. ಅವಳು ಕೂತಿದ್ದದ್ದು ನೆರಳಿನಲ್ಲಿ.

ಪಕ್ಕಕ್ಕೆ ಹೋಗಿ ಕೂತೆ. ತಲೆನೋವಿದೆಯಾ ಎಂದು ಕೇಳಲಿಲ್ಲ. “ಕಣ್ಮುಂದೆ ಮಿಣುಕುಹುಳ ಹಾರ್ತವಾ?” ಎಂದೆ. ಅವಳು ಬೆರಗಾಗಿ ನೋಡಿದಳು. “ನಿಮಗೆಂಗೆ ಗೊತ್ತು? ನೆನ್ನೆಯಿಂದ ಹಾರ್ತವೆ.” ಎದೆಗುಂಡಿಗೆಯ ಕೆಳಗೆ ಹಿಡಿದಂತಾಗುತ್ತಾ? “ಗ್ಯಾಸು ಅಂತ ಅತ್ತೆ ಜೀರಿಗೆ ಕಷಾಯ ಕೊಟ್ರು.” ಕೋಣೆಗೆ ಕರೆದುಕೊಂಡು ಹೋಗಿ ಪಟ್ಟಿ ಸುತ್ತಿದೆ. 160/110. ಸ್ವಲ್ಪ ಹೊತ್ತು ಎಡಮಗ್ಗುಲಿಗೆ ಮಲಗಿಸಿ ಮತ್ತೆ ನೋಡಿದೆ. ಅಷ್ಟೇ. ನಳಿಕೆಯಲ್ಲಿ ಮೂತ್ರ ಹಿಡಿದು ಸ್ಪಿರಿಟ್ ದೀಪದ ಮೇಲೆ ಮೇಲಿನ ಅರ್ಧವನ್ನು ಕಾಯಿಸಿದೆ. ಬಿಳಿಯ ಮೋಡ ಕಟ್ಟಿತು. ಎರಡು ಮೂರು ಹನಿ ಅಸಿಟಿಕ್ ಆಮ್ಲ ಬಿಟ್ಟೆ. ಬರೀ ಲವಣವಾಗಿದ್ದರೆ ಆಗ ಕರಗಬೇಕು. ಕರಗಲಿಲ್ಲ, ಒಡೆದ ಹಾಲಿನಂತೆ ಗಟ್ಟಿಯಾಗಿ ನಿಂತಿತು. ಈಗ ಅದಕ್ಕೆ ಬಣ್ಣ ಬದಲಾಗುವ ಪಟ್ಟಿ ಬಂದಿದೆ. ಆ ಮೋಡವನ್ನು ಕಣ್ಣಾರೆ ಕಂಡ ಅತ್ತೆಯ ಬಾಯಿ ಕಟ್ಟಿಹೋದಂತೆ ಪಟ್ಟಿಯ ಬಣ್ಣಕ್ಕೆ ಯಾರ ಬಾಯೂ ಕಟ್ಟುವುದಿಲ್ಲ.

“ಶಾಸ್ತ್ರ ಮುಗೀಲಿ, ಊಟ ಆಗ್ಲಿ, ನಾಳೆ ಸೋಮವಾರ ಒಳ್ಳೇದಿನ” ಎಂದರು ಮಾವ. ನಾನು ಅತ್ತೆಯನ್ನೇ ನೋಡಿ ಹೇಳಿದೆ: “ಅಮ್ಮ, ಮಡ್ಲಕ್ಕಿ ಕಟ್ಟಿ ಕಳಿಸಿ. ಅವಳ ಮಡಿಲು ತುಂಬಿದ್ದೇ ಶಾಸ್ತ್ರ. ಊಟ ನಾವೆಲ್ಲ ಮಾಡ್ತೀವಿ.” ಆಕೆ ಎದ್ದು ಸೊಸೆಯ ಸೆರಗಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ಕಟ್ಟಿದರು. 108 ಬಂದು ಒಂದೆರಡು ವರ್ಷವಾಗಿದ್ದ ಕಾಲ, ಗಾಡಿ ಬಂತು. ದಾರಿಯಲ್ಲಿ ಸಿಕ್ಕ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ಎರಡೂ ಪಿರ್ರೆಗೆ ಐದೈದು ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಚುಚ್ಚಿ ಹಾಸನದ ಚಾಮರಾಜೇಂದ್ರ ಆಸ್ಪತ್ರೆಗೆ ಬರೆದುಕೊಟ್ಟರು. ಬೆಲೆಯಲ್ಲಿ ಅಗ್ಗದ ಒಂದು ಲವಣ ಅದು. ಪ್ರಿಎಕ್ಲಾಂಪ್ಸಿಯಾ ಇದ್ದವರಿಗೆ ಇದನ್ನು ಕೊಟ್ಟರೆ ಸೆಟೆತದ ಅಪಾಯ ಅರ್ಧಕ್ಕಿಳಿಯುತ್ತದೆ ಎಂದು ಹಲವು ದೇಶಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2002ರಲ್ಲಿ ತೋರಿಸಿತ್ತು. ಆಸ್ಪತ್ರೆಯಲ್ಲಿ ಒತ್ತಡ ಇಳಿಸುವ ಔಷಧ, ಮಗುವಿನ ಶ್ವಾಸಕೋಶ ಬಲಿಯುವ ಸೂಜಿ ಕೊಟ್ಟು ಕೆಲವು ದಿನಗಳಲ್ಲೇ ಹೆರಿಗೆ ಮಾಡಿಸಿದರು. ಹೆಣ್ಣು ಮಗು, ಎರಡು ಕಿಲೋಗೂ ಕಡಿಮೆ. ಎರಡು ವಾರ ಶಿಶುಗಳ ಘಟಕದಲ್ಲಿತ್ತು.

ಹೆತ್ತ ಮರುದಿನವೇ “ಇನ್ನೇನು ಹೆತ್ತಾಯ್ತಲ್ಲ, ಮನೆಗೆ ಕಳಿಸಿ” ಎಂದು ಮನೆಯವರ ಒತ್ತಾಯ. ಹೆರಿಗೆಯಾದ ಮೊದಲ ದಿನಗಳಲ್ಲೂ ಒತ್ತಡ ಏರಿ ಸೆಟೆತ ಬರಬಹುದು. ಆರು ವಾರದ ತನಕ ಕಣ್ಣಿಟ್ಟಿರಬೇಕು. ಇದನ್ನು ಹೇಳಿ ಅವರನ್ನು ಅಲ್ಲೇ ಉಳಿಸುವುದು ಬಳೆಯ ದಿನ ಹೊರಡಿಸಿದ್ದಕ್ಕಿಂತ ಕಷ್ಟವಾಯಿತು.

ಬಳೆ ಬಿಗಿಯಾದವರಿಗೆಲ್ಲ ಈ ರೋಗವೆಂದು ತಿಳಿಯಬೇಡಿ. ಊತವೇ ಇಲ್ಲದೆ ಒತ್ತಡ ಏರಿದವರನ್ನೂ ಕಂಡಿದ್ದೇನೆ. ಬಳೆ ಒಂದು ಮಾತಿನ ಬಾಗಿಲು ಮಾತ್ರ. ಅಂದಿನಿಂದ ನಾನು ಹೋದಲ್ಲೆಲ್ಲ ಕೇಳುತ್ತಿದ್ದ ಮೊದಲ ಪ್ರಶ್ನೆ, “ಬಳೆ ಬಿಗಿಯಾಯ್ತೇನವ್ವ?” ಅದಕ್ಕೆ ಯಾರೂ ಬರೀ “ಚೆನ್ನಾಗಿವ್ನಿ” ಎನ್ನುತ್ತಿರಲಿಲ್ಲ. ಕೈ ಚಾಚಿ ತೋರಿಸುತ್ತಿದ್ದರು. ಚಾಚಿದ ಕೈಗೆ ಪಟ್ಟಿ ಸುತ್ತುವುದು ಸುಲಭ.

ಎಲ್ಲ ತೊಡಕಿಗೂ ಇಷ್ಟು ಸಮಯ ಸಿಗುವುದಿಲ್ಲ. ತಾಯಂದಿರ ಸಾವನ್ನು ಅಧ್ಯಯನ ಮಾಡಿದವರು ಪ್ರತಿ ತೊಡಕಿಗೂ ಒಂದು ಗಡಿಯಾರವಿದೆ ಎಂದು ಲೆಕ್ಕ ಹಾಕಿದ್ದಾರೆ. ಚಿಕಿತ್ಸೆ ಸಿಗದಿದ್ದರೆ ತೊಡಕು ಶುರುವಾದಲ್ಲಿಂದ ಸಾವಿನವರೆಗೆ ಅಂದಾಜು ಹೀಗೆ: ನಂಜಿಗೆ 6 ದಿನ, ಅಡ್ಡಿಯಾದ ಹೆರಿಗೆಗೆ 3 ದಿನ, ಸೆಟೆತಕ್ಕೆ 2 ದಿನ, ಹೆರಿಗೆಗೆ ಮುಂಚಿನ ರಕ್ತಸ್ರಾವಕ್ಕೆ 12 ಗಂಟೆ. ಹೆರಿಗೆಯ ನಂತರದ ರಕ್ತಸ್ರಾವಕ್ಕೆ 2 ಗಂಟೆ.

ಆ ಎರಡು ಗಂಟೆಯನ್ನು ನಾನು ಕಂಡಿದ್ದೇನೆ. ತೊಂಬತ್ತರ ದಶಕದ ಮೊದಲ ವರ್ಷಗಳು, ಆಲೂಗೆಡ್ಡೆ ಕೀಳುವ ಕಾಲ. ನಾಲ್ಕನೇ ಹೆರಿಗೆ, ಮನೆಯಲ್ಲೇ ಸಲೀಸಾಗಿ ಆಗಿತ್ತು. ಮಾಸು ಬಿದ್ದಿತ್ತು. ಬಾಣಂತಿ ಕಾಫಿ ಕುಡಿದಿದ್ದಳು. ಗಂಡ ಸೈಕಲ್ಲಿನಲ್ಲಿ ನನ್ನನ್ನು ಕರೆಯಲು ಬಂದಾಗ ಅವನು ಹೇಳಿದ್ದು “ಸ್ವಲ್ಪ ಬಟ್ಟೆ ಜಾಸ್ತಿ ಆಗ್ತಾ ಐತೆ” ಎಂದು. ಹೋಗಿ ನೋಡಿದರೆ ಹಾಸಿದ್ದ ಗೋಣಿತಾಟಿನಿಂದ ಇಳಿದು ಸಗಣಿ ಸಾರಿಸಿದ ನೆಲಕ್ಕೆ ಹರಿದಿತ್ತು. ಹೊಟ್ಟೆ ಮುಟ್ಟಿದೆ. ಹೆತ್ತ ಮೇಲೆ ಗರ್ಭಕೋಶ ತೆಂಗಿನಕಾಯಿಯಂತೆ ಗಟ್ಟಿಯಾಗಿ ಕೈಗೆ ಸಿಗಬೇಕು, ನಾದಿದ ಹಿಟ್ಟಿನಂತಿತ್ತು. ಒತ್ತಿ ಒತ್ತಿ ಉಜ್ಜಿದೆ, ಗರ್ಭಕೋಶ ಬಿಗಿಯುವ ಸೂಜಿ ಕೊಟ್ಟೆ. ಸ್ವಲ್ಪ ಗಟ್ಟಿಯಾಗುತ್ತಿತ್ತು, ಮತ್ತೆ ಸಡಿಲುತ್ತಿತ್ತು. ಆಸ್ಪತ್ರೆಗೆ ಹೊರಡಬೇಕು ಎಂದೆ. ದುಡ್ಡಿನ ಮಾತಿಗೆ ಹೊಲದಲ್ಲಿದ್ದ ಭಾವನನ್ನು ಕರೆಸಬೇಕಿತ್ತು. ಊರಲ್ಲಿದ್ದ ಒಂದೇ ವ್ಯಾನಿನಲ್ಲಿ ಹಾಸನದ ಮಾರುಕಟ್ಟೆಗೆಂದು ಆಲೂಗೆಡ್ಡೆ ಮೂಟೆ ತುಂಬಿತ್ತು. ಅದನ್ನು ಇಳಿಸಬೇಕಿತ್ತು. ನಾಲ್ಕು ಜನ ಓಡಿ ಓಡಿ ಇಳಿಸಿದರು. ಒಬ್ಬೊಬ್ಬರ ಬೆನ್ನೂ ಬೆವರಿತ್ತು, ಯಾರೂ ಸೋಮಾರಿತನ ಮಾಡಲಿಲ್ಲ.

ವ್ಯಾನಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಹೇಗಿದ್ದೀಯ ಎಂದು ಅವಳ ತಾಯಿ ಕೇಳುತ್ತಲೇ ಇದ್ದರು. “ನಂಗೇನೂ ಆಗಿಲ್ಲ ಬುಡವ್ವ, ನಿದ್ದೆ ಬತ್ತದೆ ಅಷ್ಟೇಯ” ಎಂದಳು. ರಕ್ತ ಹೋದವರು ಹಾಗೇ ನಿದ್ದೆಗೆ ಜಾರುತ್ತಾರೆ. ಊರ ಗಡಿ ದಾಟಿ ಹೆದ್ದಾರಿಗೆ ಬಂದಾಗ ಅವಳ ನಾಡಿ ನನ್ನ ಬೆರಳಿಗೆ ಸಿಗಲಿಲ್ಲ.

ಥಡೇಯಸ್ ಮತ್ತು ಮೇಯ್ನ್ ಎಂಬಿಬ್ಬರು ಸಂಶೋಧಕಿಯರು 1994ರಲ್ಲಿ ಇಂಥ ಸಾವುಗಳ ಹಿಂದೆ ಮೂರು ತಡಗಳಿವೆ ಎಂದು ಬರೆದರು. ಹೊರಡಬೇಕೆಂದು ತೀರ್ಮಾನಿಸುವ ತಡ, ತಲುಪುವ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವ ತಡ. ಬಹಳ ವರ್ಷದ ಮೇಲೆ ಒಂದು ತರಬೇತಿಯಲ್ಲಿ ಆ ಮೂರನ್ನೂ ಹಲಗೆಯ ಮೇಲೆ ಬರೆದಾಗ ನನಗೆ ಭಾವನನ್ನು ಕರೆಯಲು ಓಡಿದ ಹುಡುಗ, ವ್ಯಾನಿನಿಂದ ಇಳಿಯುತ್ತಿದ್ದ ಮೂಟೆಗಳು ಕಂಡವು. ಮೂರನೆಯ ತಡದವರೆಗೆ ನಾವು ಹೋಗಲೇ ಇಲ್ಲ.

ಈ ರಕ್ತಸ್ರಾವದ ವಿಷಯದಲ್ಲಿ ಕರ್ನಾಟಕದ ಹಳ್ಳಿಗಳು ಲೋಕಕ್ಕೆ ಒಂದು ಪಾಠ ಕೊಟ್ಟಿವೆ ಎಂಬುದು ಹೆಚ್ಚು ಜನಕ್ಕೆ ಗೊತ್ತಿಲ್ಲ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯಲ್ಲಿ ನಮ್ಮಂಥ ಎ.ಎನ್.ಎಂ.ಗಳೇ ಹೆರಿಗೆ ಮಾಡಿಸಿದ 1,620 ಹೆಂಗಸರ ಮೇಲೆ ಒಂದು ಅಧ್ಯಯನ ನಡೆಯಿತು. ಮಗು ಹುಟ್ಟಿದ ಕೂಡಲೇ ಅರ್ಧದಷ್ಟು ಜನಕ್ಕೆ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ, ಉಳಿದರ್ಧಕ್ಕೆ ಔಷಧವಿಲ್ಲದ ಬರೀ ಮಾತ್ರೆ. ಔಷಧ ನುಂಗಿದವರಲ್ಲಿ ಅತಿ ರಕ್ತಸ್ರಾವ ನೂರಕ್ಕೆ 12ರಿಂದ ಸುಮಾರು 6ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಫ್ರಿಜ್ ಬೇಡ, ಸೂಜಿ ಬೇಡ, ಬಾಯಲ್ಲಿ ನುಂಗುವ ಮಾತ್ರೆ. ಆ ಅಧ್ಯಯನದಲ್ಲಿ ಬಾಣಂತಿಯ ಕೆಳಗೆ ಹಾಸಿ ರಕ್ತ ಅಳೆಯುವ ಗೆರೆಯಿದ್ದ ಪ್ಲಾಸ್ಟಿಕ್ ಹಾಳೆಯನ್ನೂ ಬಳಸಿದರು. ‘ಸ್ವಲ್ಪ ಜಾಸ್ತಿ’ ಎಂಬ ಮಾತಿನ ಜಾಗಕ್ಕೆ 500 ಮಿಲಿಲೀಟರ್ ಎಂಬ ಗೆರೆ ಬಂತು. ನನಗೆ ಔಷಧದಷ್ಟೇ ಆ ಗೆರೆಯೂ ದೊಡ್ಡದು. ಹಾಳೆಯಿಲ್ಲದ ಮನೆಗಳಲ್ಲಿ ನಾನು “ಎಷ್ಟು ಬಟ್ಟೆ ನೆಂದವು, ಎಷ್ಟು ಹೊತ್ತಿನಲ್ಲಿ ನೆಂದವು?” ಎಂದು ಎಣಿಸಿ ಕೇಳುತ್ತಿದ್ದೆ.

ಇನ್ನೊಂದು ತೊಡಕಿಗೆ ಹಾಳೆಯೂ ಇಲ್ಲ, ಪಟ್ಟಿಯೂ ಇಲ್ಲ. ಕನ್ನಡ ಓದುವವರಿಗೆ ತ್ರಿವೇಣಿಯವರ ‘ಶರಪಂಜರ’ ಗೊತ್ತೇ ಇದೆ. ಓದದವರೂ ಪುಟ್ಟಣ್ಣ ಕಣಗಾಲರ ಸಿನಿಮಾದಲ್ಲಿ ಕಲ್ಪನಾರನ್ನು ನೋಡಿರುತ್ತಾರೆ. ಬಾಣಂತನದಲ್ಲಿ ಮನಸ್ಸು ಕದಡಿದ ಕಾವೇರಿ ಗುಣವಾಗಿ ಮನೆಗೆ ಬಂದರೂ ಮನೆ ಅವಳನ್ನು ಹುಚ್ಚಿಯೆಂದೇ ನೋಡುತ್ತದೆ. ಇದನ್ನು ಬರೆದ ತ್ರಿವೇಣಿ 1963ರಲ್ಲಿ ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ, 34ನೇ ವಯಸ್ಸಿಗೆ ತೀರಿಕೊಂಡರು. ಹೆರಿಗೆಯನ್ನು ಹೆಣ್ಣಿನ ಮರುಜನ್ಮ ಎನ್ನುವ ಮಾತನ್ನು ನಾವು ಹಗುರವಾಗಿ ಆಡುತ್ತೇವೆ. ಆಕೆಯ ಹೆಸರು ಕೇಳಿದಾಗಲೆಲ್ಲ ಆ ಮಾತಿನ ಭಾರ ನನಗೆ ತಿಳಿಯುತ್ತದೆ.

ಹಳ್ಳಿಯಲ್ಲಿ ಅದನ್ನು ಬಾಣಂತಿ ಸನ್ನಿ ಎನ್ನುತ್ತಿದ್ದರು. ಜ್ವರದ ನಂಜಿಗೂ ಅದೇ ಹೆಸರು, ಮನಸ್ಸಿನ ಕದಡಿಕೆಗೂ ಅದೇ ಹೆಸರು. ಕತ್ತಲೆ ಕೋಣೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ನೀರು ಕಮ್ಮಿ. ಅಲ್ಲಿ ಅವಳು ಅಳುತ್ತಿದ್ದರೂ ಕೇಳುವವರಿಲ್ಲ. “ಬೇಜಾರಾಗ್ತದಾ?” ಎಂದರೆ ತಲೆ ಅಲ್ಲಾಡಿಸುತ್ತಾಳೆ. “ಮಗು ಮಲಗಿದಾಗ ನಿಂಗೂ ನಿದ್ದೆ ಬತ್ತದಾ?” ಎಂದು ಕೇಳಬೇಕು. ಮಗು ಮಲಗಿದ್ದರೂ, ಮೈ ದಣಿದಿದ್ದರೂ ರಾತ್ರಿಯೆಲ್ಲ ಕಣ್ಣು ಬಿಟ್ಟು ಕೂರುವ, ಮಗು ತನ್ನದಲ್ಲ ಎನ್ನುವ, ಯಾರೋ ಮಾತಾಡುವುದು ಕೇಳಿಸುತ್ತದೆ ಎನ್ನುವ ಬಾಣಂತಿಯನ್ನು ಒಂದು ದಿನವೂ ಕಾಯಿಸಬಾರದು. ಜ್ವರವಿದ್ದರೆ ಅದು ನಂಜು, ಅದಕ್ಕೂ ಆಸ್ಪತ್ರೆಯೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಬೇರೆ ಮಾಡದೆ ಒಟ್ಟಿಗೇ ಇಟ್ಟುಕೊಂಡು ನೋಡುವ ವಿಭಾಗವಿದೆ. ಕಾವೇರಿಯಂಥವರು ಗುಣವಾಗುತ್ತಾರೆ. ಮನೆಯವರು ಗುಣವಾಗುವುದು ತಡ.

2001–03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಲೆಕ್ಕದಲ್ಲಿ ಅದು 69. ಆಶಾ ಕಾರ್ಯಕರ್ತೆಯರು, ತಾಯಿ ಕಾರ್ಡು, 108, ಆಸ್ಪತ್ರೆಯ ಹೆರಿಗೆ, ಪ್ರತಿ ತಿಂಗಳ 9ರಂದು ಡಾಕ್ಟರ ತಪಾಸಣೆ, ಅಪಾಯವಿದ್ದವಳ ಕಾರ್ಡಿಗೆ ಕೆಂಪು ಸ್ಟಿಕ್ಕರ್, ಹೀಗೆ ಹಲವರ ಹಲವು ವರ್ಷದ ದುಡಿಮೆ ಆ ಎರಡು ಅಂಕಿಗಳ ನಡುವೆ ಇದೆ. ಮೂಟೆ ಇಳಿಸಿದ ವ್ಯಾನು ಈಗ ಬೇಕಿಲ್ಲ.

ಆದರೂ ಒಂದು ಕಡೆ ದಾರ ಇನ್ನೂ ಕಡಿಯುತ್ತದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ಪದ್ಧತಿಯಿಂದ ಏಳನೆಯದೋ ಒಂಬತ್ತನೆಯದೋ ತಿಂಗಳಲ್ಲಿ ಹುಡುಗಿ ಊರು ಬದಲಿಸುತ್ತಾಳೆ. ಆರು ತಿಂಗಳಿಂದ ಅವಳ ಒತ್ತಡ, ತೂಕ, ನಗು, ನಡಿಗೆ ಕಂಡಿದ್ದ ನರ್ಸಮ್ಮ ಅಲ್ಲೇ ಉಳಿಯುತ್ತಾಳೆ. ಹೊಸ ಊರಿನವಳಿಗೆ 130/86 ಎಂದರೆ ಹೆದರುವಂಥದ್ದೇನಲ್ಲ. ಮೊದಲಿನಿಂದ ಇವಳಿಗೆ 100/60 ಇತ್ತು ಎಂದು ಗೊತ್ತಿದ್ದರೆ ತಾನೇ ನಾಳೆಯೂ ಕರೆದು ನೋಡುವುದು? ಕೆಲಸದಿಂದ ಇಳಿದ ಮೇಲೂ ನನಗೆ ಫೋನ್ ಬರುವುದು ಹೆಚ್ಚಾಗಿ ಇಂಥವರಿಂದಲೇ. ಮೊನ್ನೆ ಬೆಂಗಳೂರಿನಿಂದ ತವರಿಗೆ ಬಂದ ಹುಡುಗಿಯೊಬ್ಬಳು ತಾಯಿ ಕಾರ್ಡನ್ನು ಗಂಡನ ಮನೆಯ ಬೀರುವಿನಲ್ಲಿ ಬಿಟ್ಟು ಬಂದಿದ್ದಳು. ಗಂಡನಿಗೆ ಹೇಳಿ ಪ್ರತಿ ಪುಟದ ಫೋಟೋ ತರಿಸಿಕೊಂಡೆವು. ಐದನೇ ತಿಂಗಳ ಸಾಲಿನಲ್ಲಿ ಹಿಮೋಗ್ಲೋಬಿನ್ ಎಂಟು ಎಂದು ಬರೆದಿತ್ತು. ಅವಳಿಗೆ ಅದು ಗೊತ್ತೇ ಇರಲಿಲ್ಲ. ಈಗ ಅವಳು ವಾರಕ್ಕೆರಡು ಸಲ ದುದ್ದಕ್ಕೆ ಬಂದು ಕಬ್ಬಿಣದ ಡ್ರಿಪ್ ಹಾಕಿಸಿಕೊಳ್ಳುತ್ತಿದ್ದಾಳೆ.

ಇದನ್ನು ಓದುವವರಲ್ಲಿ ಬಹಳ ಜನ ಕಾಲೇಜಿನ ಹುಡುಗ ಹುಡುಗಿಯರು. ನಿಮ್ಮ ಮನೆಯಲ್ಲೂ ಅಕ್ಕನೋ ಅತ್ತಿಗೆಯೋ ಬಸುರಿಯಾಗಿ ಬಂದಿರಬಹುದು. ಹಬ್ಬಕ್ಕೆ ಹೋದಾಗ ಹೇಗಿದ್ದೀಯ ಎಂದು ಕೇಳಿ ಮೊಬೈಲಿಗೆ ಮರಳಬೇಡಿ. ನೆನ್ನೆ ರಾತ್ರಿ ಮಲಗಿದ ಮೇಲೆ ಮಗು ಎಷ್ಟು ಸಲ ಒದೆಯಿತು, ಬಳೆ ಉಂಗುರ ಬಿಗಿಯಾಗಿವೆಯಾ, ಬೆಳಿಗ್ಗೆ ಎದ್ದಾಗ ಕಣ್ಣಿಗೆ ಮಂಜು ಕವಿಯುತ್ತದಾ, ಮೆಟ್ಟಿಲು ಹತ್ತುವಾಗ ಎಲ್ಲಿ ನಿಲ್ಲುತ್ತೀಯ ಎಂದು ಕೇಳಿ. ತಾಯಿ ಕಾರ್ಡು ಎಲ್ಲಿದೆ ಎಂದೂ ಕೇಳಿ. ಅದನ್ನು ತರಿಸಿ ಒಮ್ಮೆ ಓದಿ, ಅವಳಿಗೂ ಓದಿ ಹೇಳಿ. ಯಾವುದಾದರೂ ಉತ್ತರ ಸರಿಯಿಲ್ಲ ಅನ್ನಿಸಿದರೆ ಊಟ ಮುಗಿಯುವ ತನಕ ಕಾಯಬೇಡಿ.